ಬಾಂಗ್ಸಾರಿನ ಅನ್ನ, ಇಪ್ಪತ್ತೆಂಟನೇ ಮಹಡಿಯ ಗುಟ್ಟು

ಬಾಂಗ್ಸಾರ್

ಕಾನೂನು ಓದುವವರಿಗೆ ಬೇಸಿಗೆ ರಜೆಯೆಂದರೆ ರಜೆಯಲ್ಲ. ನಾಲ್ಕನೆಯ ವರ್ಷ ಮುಗಿಯುವ ಹೊತ್ತಿಗೆ ಎಲ್ಲರೂ ಯಾವುದಾದರೊಂದು ದೊಡ್ಡ ಲಾ ಫರ್ಮಿನ ಬಾಗಿಲಲ್ಲಿ ನಿಂತಿರುತ್ತಾರೆ. ರಜೆಯಷ್ಟೂ ದಿನ ಅಲ್ಲಿ ದುಡಿಯಬೇಕು, ಅವರು ನಮ್ಮನ್ನು ನೋಡಬೇಕು, ಮೆಚ್ಚಿದರೆ ಡಿಗ್ರಿ ಮುಗಿದ ಮೇಲೆ ಕೆಲಸಕ್ಕೆ ಕರೆಯುತ್ತಾರೆ. ಹೆಣ್ಣು ನೋಡಲು ಬಂದವರು ಎರಡು ತಿಂಗಳು ಎದ್ದು ಹೋಗದೆ ಕೂತರೆ ಹೇಗಿರುತ್ತದೋ ಹಾಗೆ. ಗೆಳತಿಯರಿಗೆ ಮುಂಬೈ, ದೆಹಲಿ ಸಿಕ್ಕವು. ನನಗೆ ಕ್ವಾಲಾಲಂಪುರ ಸಿಕ್ಕಿತು. ವರ್ಷವಿಡೀ ಬೇಸಿಗೆಯೇ ಇರುವ ಊರಿನಲ್ಲಿ ನಾನು ಬೇಸಿಗೆಯ ಇಂಟರ್ನ್.

ಆ ಫರ್ಮಿನಲ್ಲಿ ಭಾರತದ ಕಕ್ಷಿದಾರರನ್ನು ನೋಡಿಕೊಳ್ಳುವ ಒಂದು ವಿಭಾಗವಿತ್ತು, ಇಂಡಿಯಾ ಡೆಸ್ಕ್. ಅಲ್ಲಿ ಒಂದು ಕುರ್ಚಿ ಖಾಲಿಯಿದೆಯೆಂದು ಕಾಲೇಜಿನಲ್ಲಿ ಸುದ್ದಿಯಿತ್ತು. ಆ ಕುರ್ಚಿಯ ಮೇಲೆ ಕಣ್ಣಿಟ್ಟೇ ನಾನು ವಿಮಾನ ಹತ್ತಿದ್ದು.

ಉಳಿಯಲು ಹೋಟೆಲು ಹುಡುಕುತ್ತಿದ್ದಾಗ ಅಪ್ಪನಿಗೆ ಐರಿನ್ ಆಂಟಿ ನೆನಪಾದರು. ಆಂಟಿ ಮಂಗಳೂರಿನವರು, ಬಹಳ ಹಿಂದೆ ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಅಪ್ಪನ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದರು. ಮದುವೆಯಾಗಿ ಗಂಡ ವಿಲ್ಫ್ರೆಡ್ ಅವರೊಂದಿಗೆ ಮಲೇಷ್ಯಾಕ್ಕೆ ಬಂದು ಕ್ವಾಲಾಲಂಪುರದ ಬಾಂಗ್ಸಾರ್ ಬಡಾವಣೆಯಲ್ಲಿ ನೆಲೆಸಿದ್ದರು. ಅಪ್ಪ ಹಿಂಜರಿಯುತ್ತಲೇ ಫೋನ್ ಮಾಡಿದರೆ ಆ ಕಡೆಯಿಂದ ಬೈಗುಳ ಬಂತು. "ಹೋಟೆಲ್ ಎಂತಕ್ಕೆ ಮಾರಾಯ್ರೆ? ನಮ್ಮ ಮನೆ ಎಂತಕ್ಕೆ ಉಂಟು?"

ನಾನು ಶುದ್ಧ ಸಸ್ಯಾಹಾರಿ, ಅವರದು ಮೀನಿಲ್ಲದೆ ಅನ್ನ ಇಳಿಯದ ಮನೆ. ಹೋದ ದಿನವೇ ಆಂಟಿ ಅಡುಗೆಮನೆಗೆ ಕರೆದು ಹೊಸ ಬಾಣಲೆ, ಹೊಸ ಸೌಟು ತೋರಿಸಿದರು. "ನೋಡು, ಇದಕ್ಕೆ ಮೀನಿನ ಪರಿಮಳ ಸಹ ತಾಗ್ಲಿಲ್ಲ. ಇದು ನಿಂದೇ." ಒಂಬತ್ತು ವರ್ಷದ ಮಗಳು ರಿಯಾ ನನ್ನ ಹುಬ್ಬಳ್ಳಿ ಕನ್ನಡವನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಕ್ಕ, ಯುವರ್ ಕನ್ನಡ ಸೋ ಲೌಡ್, ಲಾ!" ಎಂದಳು. ಆ ಊರಿನಲ್ಲಿ ಮಾತಿನ ಬಾಲಕ್ಕೆಲ್ಲ ಒಂದು 'ಲಾ' ಅಂಟಿರುತ್ತದೆ, ಆಂಟಿಯ 'ಮಾರಾಯ್ರೆ' ಇದ್ದ ಹಾಗೆ. ಅವಳು ತಪ್ಪೇನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಸುದ್ದಿ ಅಂದರೆ ಮಂಡಕ್ಕಿ ಗಿರಮಿಟ್ಟಿನ ಹಾಗೆ, ಕಲಸಿದ ಕೂಡಲೇ ಹಂಚಬೇಕು, ಇಟ್ಟುಕೊಂಡರೆ ಮೆತ್ತಗಾಗುತ್ತದೆ. ಅವ್ವ ನನ್ನನ್ನು ಓಣಿಯ ಡಂಗುರ ಎಂದೇ ಕರೆಯುವುದು.

ಇಪ್ಪತ್ತೆಂಟನೇ ಮಹಡಿ

ಹೊರಗೆ ಉರಿ, ಒಳಗೆ ಊಟಿ. ಮಲೇಷ್ಯಾದ ಆಫೀಸುಗಳ ಬಗ್ಗೆ ನನಗೆ ಯಾರೂ ಹೇಳದಿದ್ದ ಸತ್ಯ ಅದು. ಮೊದಲ ದಿನ ತೆಳ್ಳನೆಯ ಕುರ್ತಾ ಹಾಕಿಕೊಂಡು ಹೋಗಿದ್ದೆ, ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದ ಮೇಜಿನ ಮೇ ಲಿಂಗ್ ತನ್ನ ಎರಡನೆಯ ಸ್ವೆಟರ್ ಕೊಟ್ಟಳು. ಅವಳು ಇದೇ ಊರಿನ ಚೀನೀ ಹುಡುಗಿ, ಇಂಗ್ಲೆಂಡಿನಲ್ಲಿ ಕಾನೂನು ಓದುತ್ತ ರಜೆಗೆ ಬಂದು ನನ್ನ ಹಾಗೇ ಇಂಟರ್ನ್ ಆಗಿದ್ದವಳು.

ನಮ್ಮನ್ನು ನೋಡಿಕೊಳ್ಳುತ್ತಿದ್ದ ಪಾರ್ಟ್ನರ್ ರೊಹಾನಾ. ಎಲ್ಲರೂ ಅವರನ್ನು ಪುವಾನ್ ರೊಹಾನಾ ಎನ್ನುತ್ತಿದ್ದರು, ನಮ್ಮ 'ಮೇಡಂ' ಇದ್ದ ಹಾಗೆ. ಹೂವಿನ ಚಿತ್ತಾರದ ತಲೆವಸ್ತ್ರ, ಮೆಲುದನಿ. ಯಾರನ್ನಾದರೂ, ಏನನ್ನಾದರೂ ತೋರಿಸಬೇಕಾದರೆ ತೋರುಬೆರಳು ಚಾಚದೆ ಬಲಗೈ ಮಡಿಸಿ ಹೆಬ್ಬೆರಳಿನಿಂದ ತೋರಿಸುತ್ತಿದ್ದರು. ಬೆರಳು ಚಾಚುವುದು ಅಲ್ಲಿ ಒರಟುತನವಂತೆ. ನಾನು ಮೊದಲ ದಿನವೇ ದೊಡ್ಡ ಕಕ್ಷಿದಾರರೊಬ್ಬರತ್ತ ನೇರವಾಗಿ ಬೆರಳು ಚಾಚಿ "ಇವರೇನಾ?" ಎಂದು ಕೇಳಿದ್ದೆ. ಪುವಾನ್ ನನ್ನ ಬೆರಳನ್ನು ಮೆಲ್ಲಗೆ ಮಡಿಸಿಟ್ಟರು, ಬೈಯಲಿಲ್ಲ.

ದೊಡ್ಡ ಫರ್ಮಿನಲ್ಲಿ ಇಂಟರ್ನುಗಳಿಗೆ ಕೆಲಸಕ್ಕಿಂತ ಊಟ ಹೆಚ್ಚು. ದಿನಕ್ಕೊಬ್ಬರು ಹಿರಿಯರು ಊಟಕ್ಕೆ ಕರೆದೊಯ್ಯುತ್ತಾರೆ. ಪ್ರೀತಿಗೂ ಹೌದು, ಚಮಚ ಹಿಡಿಯುವುದನ್ನು ನೋಡಲಿಕ್ಕೂ ಹೌದು. ಒಂದು ಕಡೆ ಸಸ್ಯಾಹಾರವೆಂದು ಹೇಳಿ ತರಿಸಿದ ಅನ್ನದಲ್ಲಿ ಒಣಮೀನಿನ ಪುಟ್ಟ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಬಡಿಸುವವನನ್ನು ಕರೆದು ಕೇಳಿದರೆ, "ವೆರಿ ಸ್ಮಾಲ್ ಫಿಶ್ ಓನ್ಲಿ, ಲಾ," ಎಂದು ನನ್ನನ್ನೇ ಸಮಾಧಾನ ಮಾಡಿದ. ಆದರೂ ಆ ಊರಿನವರ ಒಂದು ಗುಣ ನನ್ನನ್ನು ಮೊದಲ ವಾರದಲ್ಲೇ ಗೆದ್ದುಕೊಂಡಿತು. ಲಿಫ್ಟಿನಲ್ಲಿ ಸಿಕ್ಕವರು 'ಹಲೋ' ಅನ್ನುವ ಬದಲು "ಮಾಕನ್ ಆಯ್ತಾ?" ಎಂಬರ್ಥದಲ್ಲಿ ಊಟ ವಿಚಾರಿಸುತ್ತಾರೆ. ಸಮುದ್ರ ದಾಟಿ ಬಂದರೂ "ಊಟ ಆತೇನ್ರಿ?" ತಪ್ಪಲಿಲ್ಲವಲ್ಲ ಎಂದು ಖುಷಿಯಾಯಿತು.

ಊಟ ವಿಚಾರಿಸುವ ಆ ಲಿಫ್ಟಿನಲ್ಲಿ ಕೆಲಸದ ಮಾತು ಮಾತ್ರ ಕಡ್ಡಾಯವಾಗಿ ನಿಷಿದ್ಧ. ಯಾವ ಕಕ್ಷಿದಾರರ ಹೆಸರನ್ನೂ ಹೇಳುವಂತಿಲ್ಲ. ಕಂಪನಿಗಳನ್ನು ಕೊಳ್ಳುವ ಮಾರುವ ವ್ಯವಹಾರಗಳಿಗೆಲ್ಲ ಹಣ್ಣಿನ ಹೆಸರಿಟ್ಟಿದ್ದರು, ಪ್ರಾಜೆಕ್ಟ್ ರಂಬುಟಾನ್, ಪ್ರಾಜೆಕ್ಟ್ ಮ್ಯಾಂಗೋಸ್ಟೀನ್. "ಲಿಫ್ಟಿನಲ್ಲಿ ಬೇಡ, ಬೀದಿಯ ಮಾಮಾಕ್ ಚಹಾದಂಗಡಿಯಲ್ಲಿ ಬೇಡ, ನಿಮ್ಮ ಅಮ್ಮನ ಹತ್ತಿರವೂ ಬೇಡ," ಎಂದಿದ್ದರು ಪುವಾನ್. ಆಮೇಲೆ ಒಬ್ಬೊಬ್ಬರನ್ನೇ ಕೇಳಿದ್ದರು, ನಿಮ್ಮ ಮನೆಯವರು, ನಿಮ್ಮೊಂದಿಗೆ ಇರುವವರು ಎಲ್ಲಿ ಕೆಲಸ ಮಾಡುತ್ತಾರೆ? ನಾನು ಅಪ್ಪನ ಬ್ಯಾಂಕು ಹೇಳಿದೆ. ಇಲ್ಲಿ ಅಂಕಲ್ ಮನೆಯಲ್ಲಿದ್ದೇನೆ, ಅವರು ಸೈಬರ್‌ಜಯಾದಲ್ಲಿ ಏನೋ ಕಂಪ್ಯೂಟರ್ ಕಂಪನಿ ಎಂದೆ. ಕಂಪನಿಯ ಹೆಸರು? ಕೇಳಿ ಹೇಳುತ್ತೇನೆ ಎಂದೆ, ಕೇಳಲೇ ಇಲ್ಲ. ನಮ್ಮ ಕಡೆ ಅತಿಥಿಯ ಜಾತಕವನ್ನೆಲ್ಲ ಮನೆಯವರು ಕೇಳುತ್ತಾರೆಯೇ ಹೊರತು ಅತಿಥಿ ಮನೆಯವರದನ್ನು ಕೇಳುವುದಿಲ್ಲ. ಒಮ್ಮೆ 'ಅಂಕಲ್' ಅಂದ ಮೇಲೆ ಅವರಿಗೆ ಬೇರೆ ಗುರುತು ಯಾಕೆ ಬೇಕು?

ಮೂರನೆಯ ವಾರ ನನ್ನನ್ನು ಪ್ರಾಜೆಕ್ಟ್ ರಂಬುಟಾನ್‌ಗೆ ಹಾಕಿದರು. ಭಾರತದ ಕಂಪನಿಯೊಂದು ಮಲೇಷ್ಯಾದ ಕಂಪನಿಯನ್ನು ಕೊಳ್ಳುತ್ತಿತ್ತು. ಸಭೆಯಲ್ಲಿ ಮೂಲೆಯಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುವುದು ನನ್ನ ಕೆಲಸ. ಪರದೆಯ ಮೇಲೆ ಕೊಳ್ಳಲಿರುವ ಕಂಪನಿಯ ಗುರುತು ಬಂತು. ಕಿತ್ತಳೆ ಬಣ್ಣದ ಒಂದು ಆಮೆ. ಸಾಮಾನು ಸಾಗಿಸುವವರಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಆಮೆಯೇ ಎಂದು ನಗು ಬರುವಷ್ಟರಲ್ಲಿ ಅದನ್ನು ಎಲ್ಲಿ ನೋಡಿದ್ದೆನೆಂದು ನೆನಪಾಯಿತು. ಅದೇ ಆಮೆಯ ಟೀ ಶರ್ಟ್ ಹಾಕಿಕೊಂಡು ವಿಲ್ಫ್ರೆಡ್ ಅಂಕಲ್ ದಿನಾ ಸಂಜೆ ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತಿದ್ದರು. ಕೊಳ್ಳುವವರ ಕಡೆಯ ಒಬ್ಬರು ಶಾಂತವಾಗಿ ಹೇಳುತ್ತಿದ್ದರು, ಕೈಬದಲಾದ ಮೇಲೆ ಸೈಬರ್‌ಜಯಾದ ಸಂಬಳ ವಿಭಾಗ, ಲೆಕ್ಕ ವಿಭಾಗ ಎರಡನ್ನೂ ಮುಚ್ಚುತ್ತೇವೆ, ಆ ಕೆಲಸ ನಮ್ಮಲ್ಲೇ ಆಗುತ್ತದೆ. ಅಂಕಲ್ ಇದ್ದದ್ದು ಸಂಬಳ ವಿಭಾಗದಲ್ಲಿ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಮಾಮಾಕ್ ಅಂಗಡಿ

ಅಂದು ಸಂಜೆಯೇ ಅಂಕಲ್ ನಮ್ಮನ್ನೆಲ್ಲ ಮಾಮಾಕ್‌ಗೆ ಕರೆದೊಯ್ದರು. ತಮಿಳು ಮುಸ್ಲಿಮರು ನಡೆಸುವ ಇಂಥ ಅಂಗಡಿಗಳು ಅಲ್ಲಿ ಬೀದಿಗೊಂದು. ಪ್ಲಾಸ್ಟಿಕ್ ಕುರ್ಚಿ, ಪದರ ಪದರ ರೊಟ್ಟಿ, ಮೇಲಿನಿಂದ ಕೆಳಗೆ ಸುರಿದು ನೊರೆ ಬರಿಸಿದ ಚಹಾ. ನಮ್ಮೂರ ಬಸ್ ಸ್ಟ್ಯಾಂಡ್ ಹೋಟೆಲಿನ ಗದ್ದಲವೇ ಇಲ್ಲೂ ಇರುವುದರಿಂದ ನನಗೆ ಅದು ಬಹಳ ಇಷ್ಟದ ಜಾಗವಾಗಿತ್ತು. ಅಂದು ಮಾತ್ರ ರೊಟ್ಟಿಯನ್ನು ಚೂರು ಮಾಡುತ್ತ ಕೂತಿದ್ದೆ.

"ಒಂದು ವಿಷಯ ಉಂಟು," ಎಂದರು ಅಂಕಲ್. "ಮೆಲಾಕಾದಲ್ಲಿ ಒಂದು ಆಸ್ಪತ್ರೆಯವರು ಕರೀತಿದ್ದಾರೆ. ಸಂಬಳ ವಿಭಾಗ ಪೂರ್ತಿ ನನ್ನ ಕೈಗೆ. ಸೋಮವಾರದ ಒಳಗೆ ಹೇಳ್ಬೇಕಂತೆ. ಬೇಡ ಅಂತ ಹೇಳೂದು ಅಂತ ಮಾಡಿದ್ದೇನೆ."

"ಬೇಡ ಎಂತಕ್ಕೆ?" ಎಂದರು ಆಂಟಿ.

"ಇಷ್ಟು ವರ್ಷ ಇಟ್ಟುಕೊಂಡ ಕಂಪನಿ, ಐರಿನ್. ಬಂಡೆ ಹಾಗೆ ಉಂಟು. ಬಿಟ್ಟು ಹೋಗೂದು ಸರಿಯಾ?" ಅಂಕಲ್ ನನ್ನ ಕಡೆ ತಿರುಗಿದರು. "ನೀನು ಲಾಯರಮ್ಮ ಅಲ್ವಾ ಗಂಗಾ, ನೀನೇ ಜಡ್ಜ್‌ಮೆಂಟ್ ಕೊಡು. ಇರೂದಾ, ಹೋಗೂದಾ?"

ಹುಟ್ಟಿದಾಗಿನಿಂದ ಯಾರೂ ಕೇಳದಿದ್ದರೂ ಅಭಿಪ್ರಾಯ ಹೇಳಿಕೊಂಡು ಬಂದವಳು ನಾನು. "ಮೊದಲು ರೊಟ್ಟಿ ತಿನ್ನೋಣ್ರಿ ಅಂಕಲ್, ಆರಿಹೊಕ್ಕೈತಿ," ಎಂದೆ. ಅವರು ನಕ್ಕು ನನಗೆ ಇನ್ನೊಂದು ರೊಟ್ಟಿ ಹೇಳಿದರು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವಳಿಗೆ ಆ ಎರಡನೆಯ ರೊಟ್ಟಿಯನ್ನು ತಿನ್ನುವುದು ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

ಮತ್ತೆ ಇಪ್ಪತ್ತೆಂಟನೇ ಮಹಡಿ

ಬೆಳಿಗ್ಗೆ ಪುವಾನ್ ರೊಹಾನಾ ಕುರ್ಚಿಯಲ್ಲಿ ಕೂರುವ ಮೊದಲೇ ಹೋಗಿ ಎಲ್ಲ ಹೇಳಿದೆ. ಆಮೆಯ ಟೀ ಶರ್ಟು, ಸಂಬಳ ವಿಭಾಗ, ಮೆಲಾಕಾ, ಸೋಮವಾರ. ಕಂಪನಿಯ ಹೆಸರು ಕೇಳಿ ಹೇಳುತ್ತೇನೆಂದು ಹೇಳದೇ ಬಿಟ್ಟದ್ದನ್ನೂ ಹೇಳಿದೆ. ಹೇಳುತ್ತ ಅಳು ಬಂತು, ಅದನ್ನೂ ತಡೆಯಲಾಗಲಿಲ್ಲ.

ಪುವಾನ್ ಕಾಗದದ ಕರವಸ್ತ್ರ ಮುಂದಿಟ್ಟರು. "ಮನೆಯಲ್ಲಿ ಏನಾದರೂ ಹೇಳಿದೆಯಾ?"

"ಇಲ್ಲ."

"ಮುಖದಲ್ಲಿ?"

"ಗೊತ್ತಿಲ್ಲ, ಪುವಾನ್."

ಆ ಕ್ಷಣದಿಂದಲೇ ನನ್ನನ್ನು ರಂಬುಟಾನ್‌ನಿಂದ ತೆಗೆದು ಬೇರೆ ಮಹಡಿಗೆ ಹಾಕಿದರು. ಆ ಕಡತಗಳು ನನಗೆ ತೆರೆಯದಂತೆ ಮಾಡಿಸಿದರು. ಹೋಟೆಲಿನಲ್ಲಿ ಇರಬೇಕೆಂದರೆ ಫರ್ಮೇ ವ್ಯವಸ್ಥೆ ಮಾಡುತ್ತದೆ ಎಂದರು. ನಡುವೆ ಎದ್ದು ಹೋದರೆ ಆಂಟಿ ಕಾರಣ ಕೇಳುತ್ತಾರೆ, ಕಾರಣಕ್ಕೆ ಸುಳ್ಳು ಹೇಳಬೇಕು, ಬೇಡ ಎಂದೆ. ಕೊನೆಗೆ ಕೇಳಿಯೇಬಿಟ್ಟೆ, "ಅವರು ಒಳ್ಳೆಯವರು, ಪುವಾನ್. ಒಂದೇ ಒಂದು ಮಾತು, ಮೆಲಾಕಾಗೆ ಹೋಗಿ ಅಂದರೆ ಸಾಕಿತ್ತು."

"ಒಳ್ಳೆಯವರೇ ಇರಬೇಕು," ಎಂದರು ಪುವಾನ್. "ಆ ಎರಡು ವಿಭಾಗಗಳಲ್ಲಿ ಇನ್ನೆಷ್ಟೋ ಒಳ್ಳೆಯವರಿದ್ದಾರೆ, ಗಂಗಾ. ಅವರ ಮನೆಯಲ್ಲಿ ಇಂಟರ್ನ್ ಇಲ್ಲ."

ಇಂಡಿಯಾ ಡೆಸ್ಕಿನ ಕುರ್ಚಿಯ ಆಸೆಯನ್ನು ಆ ಬೆಳಿಗ್ಗೆಯೇ ಬಿಟ್ಟೆ. ಸಭೆಗೆ ಕೂತು ಮರುದಿನ ಅಳುತ್ತ ಬರುವ ಹುಡುಗಿಯನ್ನು ಯಾವ ಫರ್ಮ್ ಇಟ್ಟುಕೊಳ್ಳುತ್ತದೆ? ಮೇ ಲಿಂಗ್ ಏನಾಯಿತೆಂದು ಕೇಳಲಿಲ್ಲ. ಮಧ್ಯಾಹ್ನ ಊಟವನ್ನು ಟಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ನನ್ನ ಹೊಸ ಮಹಡಿಗೆ ತಂದು ಎದುರಿಗೆ ಕೂತು ತಿಂದಳು. ಮೀನಿಲ್ಲವೆಂದು ತಾನೇ ಕೆದಕಿ ನೋಡಿದ್ದಳು.

ಮೆಲಾಕಾ

ಶನಿವಾರ ಅಂಕಲ್ ಎಲ್ಲರನ್ನೂ ಕಾರಿನಲ್ಲಿ ಹಾಕಿಕೊಂಡು ಮೆಲಾಕಾಗೆ ಹೊರಟರು. ಬೇಡವೆನ್ನುವುದನ್ನು ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲ, ಎದುರಿಗೆ ಹೋಗಿ ಹೇಳಬೇಕು ಎಂಬುದು ಅವರ ನಿಯಮ. ಹೋದ ಹಾಗೆ ನನಗೆ ಊರು ತೋರಿಸಿದಂತೆಯೂ ಆಯಿತು ಎಂದರು. ದಾರಿಯುದ್ದಕ್ಕೂ ಎಣ್ಣೆತಾಳೆಯ ತೋಟಗಳು, ಮುಗಿಯುವುದೇ ಇಲ್ಲ. ನಾನು ಕಿಟಕಿಗೆ ಮುಖವಿಟ್ಟುಕೊಂಡು ಕೂತಿದ್ದೆ. ಕಿಟಕಿಯ ಕಡೆಗಿರುವ ಮುಖ ಏನನ್ನೂ ಹೇಳುವುದಿಲ್ಲವೆಂಬ ಲೆಕ್ಕ.

ಮೆಲಾಕಾ ಕೆಂಪು ಗೋಡೆಗಳ, ನಿಧಾನದ ಊರು. ಪ್ಲಾಸ್ಟಿಕ್ ಹೂಗಳಲ್ಲಿ ಮುಳುಗಿಸಿದ ಸೈಕಲ್ ರಿಕ್ಷಾಗಳು ಗಟ್ಟಿಯಾಗಿ ಹಾಡು ಹಾಕಿಕೊಂಡು ಓಡಾಡುತ್ತವೆ, ನಮ್ಮ ಕಡೆ ಮದುವೆ ಮೆರವಣಿಗೆ ಹೊರಟ ಹಾಗೆ, ಮದುಮಕ್ಕಳಿಲ್ಲ ಅಷ್ಟೆ. ರಿಯಾಳಿಗೆ ಅದರಲ್ಲೇ ಕೂರಬೇಕೆಂದು ಹಟ. ಅಂಕಲ್ ಆಸ್ಪತ್ರೆಗೆ ಹೋದರು. ರಿಯಾ ರಿಕ್ಷಾದಲ್ಲಿ ಚೌಕವನ್ನು ಸುತ್ತುತ್ತಿದ್ದಾಗ ಆಂಟಿ, ನಾನು ಗುಡ್ಡದ ಮೇಲಿನ ಪಾಳುಬಿದ್ದ ಹಳೆಯ ಚರ್ಚಿನ ಮೆಟ್ಟಿಲ ಮೇಲೆ ಕೂತೆವು. ಅಲ್ಲಿಂದ ಸಮುದ್ರ ಕಾಣುತ್ತಿತ್ತು.

"ನನಗೆ ಈ ಊರು ಬೇಕು ಗಂಗಾ," ಎಂದರು ಆಂಟಿ. "ಸಮುದ್ರ ಉಂಟು, ಚರ್ಚ್ ಉಂಟು, ಟ್ರಾಫಿಕ್ ಇಲ್ಲ. ಇವರು ದಿನಾ ಸೈಬರ್‌ಜಯಾಕ್ಕೆ ಡ್ರೈವ್ ಮಾಡಿ ಮಾಡಿ ಬೆನ್ನು ಹೋಗಿದೆ. ನನ್ನ ಮಾತು ಕೇಳೂದಿಲ್ಲ. ನೀನು ಹೇಳಿದ್ರೆ ಕೇಳ್ತಾರೆ, ನಿನ್ನನ್ನು ದೊಡ್ಡ ಲಾಯರ್ ಅಂತ ತಿಳ್ಕೊಂಡಿದ್ದಾರೆ. ಈಗಲೇ ಒಂದು ಫೋನ್ ಮಾಡಿ ಹೇಳು ಮಾರಾಯ್ತಿ, ಒಪ್ಪಿಕೊಳ್ಳಿ ಅಂತ."

ಫೋನ್ ಕೈಯಲ್ಲೇ ಇತ್ತು. ಹೇಳಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಆಂಟಿ ಹೇಳಿಸಿದ್ದು ಎಂದಾಗುತ್ತಿತ್ತು. ನನಗೊಬ್ಬಳಿಗೇ ಗೊತ್ತಿರುತ್ತಿತ್ತು.

"ಆಂಟಿ, ಈ ವಿಷಯದಾಗ ನಾ ಏನೂ ಹೇಳಂಗಿಲ್ರಿ."

"ಒಂದು ಮಾತು."

"ಒಂದೂ ಇಲ್ರಿ. ದಯವಿಟ್ಟು ಕೇಳಬ್ಯಾಡ್ರಿ."

ನನ್ನ ಕಣ್ಣಿನ ನೀರನ್ನು ಆಂಟಿ ನೋಡಿದರು. "ಆಯ್ತು. ನಾನು ನಿನ್ನನ್ನು ಮನೆಯವಳು ಅಂತ ತಿಳ್ಕೊಂಡದ್ದು," ಎಂದು ಎದ್ದು ಸೀರೆಯ ಹಿಂದಿನ ಧೂಳು ಕೊಡವಿಕೊಂಡರು.

ಅಂಕಲ್ ಹಗುರವಾಗಿ ಬಂದರು. ಬೇಡವೆಂದು ಹೇಳಿಯಾಗಿತ್ತು. ಎಲ್ಲರಿಗೂ ತೆಂಗಿನ ಹಾಲು, ಬೆಲ್ಲ ಹಾಕಿದ ಐಸಿನ ತಿಂಡಿ ಕೊಡಿಸಿದರು. ಬೆಲ್ಲದ ರುಚಿ ನಮ್ಮ ಜೋನಿಬೆಲ್ಲದ್ದೇ. ಅಂಥ ಒಳ್ಳೆಯ ತಿಂಡಿಯನ್ನು ಅಷ್ಟು ಕೆಟ್ಟ ಮನಸ್ಸಿನಲ್ಲಿ ನಾನು ಯಾವತ್ತೂ ತಿಂದಿಲ್ಲ.

ಬಾಂಗ್ಸಾರ್, ಕೊನೆಯ ದಿನಗಳು

ನಾನು ಹೊರಡುವ ಹಿಂದಿನ ವಾರ ಸುದ್ದಿ ಪತ್ರಿಕೆಯಲ್ಲಿ ಬಂತು. ಕೊಂಡವರ ಹೆಸರು, ಕೆಳಗೆ ಅವರ ವಕೀಲರೆಂದು ನಮ್ಮ ಫರ್ಮಿನ ಹೆಸರು. ಅಂದು ಅಂಕಲ್ ಬೇಗ ಮನೆಗೆ ಬಂದಿದ್ದರು. ವರ್ಷದ ಕೊನೆಗೆ ಅವರ ವಿಭಾಗ ಮುಚ್ಚುತ್ತದೆಂದು ಕಂಪನಿಯವರು ಬೆಳಿಗ್ಗೆ ಎಲ್ಲರನ್ನೂ ಕರೆದು ಹೇಳಿದ್ದರಂತೆ. ಅಂಕಲ್ ಮೆಲಾಕಾಗೆ ಫೋನ್ ಮಾಡಿದ್ದರು. ಅಲ್ಲಿ ಬೇರೆಯವರನ್ನು ತೆಗೆದುಕೊಂಡಾಗಿತ್ತು.

ಆಂಟಿ ಕೇಳಿದರು, "ನಿನಗೆ ಗೊತ್ತಿತ್ತಾ?"

"ಗೊತ್ತಿತ್ರಿ."

"ಮೆಟ್ಟಿಲಲ್ಲಿ ಕೂತಾಗ?"

"ಹೂಂ."

ಆಂಟಿ ಒಳಗೆ ಹೋದರು. ಅಂಕಲ್ ಒಂದು ಕುರ್ಚಿ ಎಳೆದಿಟ್ಟರು. ಆಮೇಲೆ, "ಕೂತ್ಕೊ," ಎಂದರು. "ನಾನೂ ಸಂಬಳ ವಿಭಾಗದವ. ಹಿಂದೆ ಒಮ್ಮೆ ನಮ್ಮಲ್ಲಿ ಇಬ್ಬರನ್ನು ತೆಗೆಯೂದು ಅಂತ ನನಗೆ ಮೊದಲೇ ಗೊತ್ತಿತ್ತು. ದಿನಾ ಅವರ ಜೊತೆಗೇ ಮಧ್ಯಾಹ್ನ ಊಟ. ಒಬ್ಬ ಹೊಸ ಕಾರಿನ ಫೋಟೋ ತೋರಿಸ್ತಿದ್ದ. ನಾನು ಚಂದ ಉಂಟು ಅಂತ ಹೇಳಿದೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಎಂತದು ಅಂತ ನನಗೆ ಗೊತ್ತುಂಟು ಮಗಾ. ನೀನು ಅಳ್ಬೇಡ."

ಅವರು ನೊಂದಿದ್ದರು, ನೊಂದುಕೊಂಡೇ ನನ್ನನ್ನು ಸಮಾಧಾನ ಮಾಡಿದರು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಆಂಟಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ನನ್ನೊಂದಿಗೆ ನೇರ ಮಾತು ನಿಂತಿತು. "ರಿಯಾ, ಅಕ್ಕನಿಗೆ ಸಾರು ಬೇಕಾ ಕೇಳು," ಎನ್ನುತ್ತಿದ್ದರು. ಪಕ್ಕದಲ್ಲೇ ಕೂತ ನನಗೆ ರಿಯಾ, "ಅಕ್ಕ, ಮಮ್ಮಿ ಆಸ್ಕಿಂಗ್, ರಸಂ ವಾಂಟ್ ಆರ್ ನಾಟ್?" ಎಂದು ಅನುವಾದಿಸುತ್ತಿದ್ದಳು. ಸಾರು ಮಾತ್ರ ನನ್ನ ಆ ಹೊಸ ಬಾಣಲೆಯ ಒಗ್ಗರಣೆಯದ್ದೇ, ಒಂದು ಹೊತ್ತೂ ತಪ್ಪಲಿಲ್ಲ. ಎರಡು ದಿನ ಸಹಿಸಿ, ಉಳಿದ ದಿನ ಮೇ ಲಿಂಗ್ ಮನೆಯಲ್ಲಿರುತ್ತೇನೆಂದು ಹೇಳಿದೆ. ಆಗ ಆಂಟಿ ನೇರವಾಗಿ ನನ್ನನ್ನೇ ನೋಡಿ ಬೈದರು. "ನನ್ನ ಸಿಟ್ಟು ನನ್ನದು. ಅದಕ್ಕೆ ನೀನು ಎಂತಕ್ಕೆ ಮನೆ ಬಿಟ್ಟು ಹೋಗೂದು? ಕೂತು ಊಟ ಮಾಡು."

ಆಫೀಸಿನ ಕೊನೆಯ ದಿನ ಪುವಾನ್ ಕರೆದರು. ನನ್ನ ಸಂಶೋಧನೆಯಲ್ಲಿ ಎಲ್ಲೆಲ್ಲಿ ತಪ್ಪಿದೆಯೆಂದು ತಾಳ್ಮೆಯಿಂದ ಹೇಳಿದರು, ಸಾಕಷ್ಟು ಇದ್ದವು. ಆಮೇಲೆ, "ಡಿಗ್ರಿ ಮುಗಿದ ಮೇಲೆ ಬಾ. ಇಂಡಿಯಾ ಡೆಸ್ಕ್‌ನಲ್ಲಿ ನಿನಗೆ ಜಾಗವಿದೆ," ಎಂದರು. ನನಗೆ ನಂಬಿಕೆಯಾಗದೆ ಯಾಕೆ ಎಂದು ಕೇಳಿದೆ. "ತಪ್ಪು ತಿದ್ದಬಹುದು, ಬಾಯಿ ತಿದ್ದಲಾಗುವುದಿಲ್ಲ, ಲಾ," ಎಂದು ಹೆಬ್ಬೆರಳಿನಿಂದ ಬಾಗಿಲು ತೋರಿಸಿದರು. ಖುಷಿಯಾಯಿತು. ಮನೆಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಖುಷಿಯನ್ನು ಚೀಲದಲ್ಲೇ ಇಟ್ಟುಕೊಂಡು ಬಂದೆ.

ಕೊನೆಯ ಭಾನುವಾರ ಆಂಟಿ ಚರ್ಚಿನಿಂದ ಬಂದು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅಂಕಲ್, ರಿಯಾ ಅಂಗಡಿಗೆ ಹೋಗಿದ್ದರು. ನಾನು ಒಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಮಡಿಸಿದೆವು. ಕೆಲಸ ಸಿಕ್ಕಿದೆಯೆಂದು ಹೇಳಿದೆ. "ಸಿಗದೆ?" ಎಂದರು. ಇನ್ನೊಂದು ಬೆಡ್‌ಶೀಟು ಮಡಿಸಿದೆವು.

"ನಾನು ಆಲೋಚನೆ ಮಾಡಿದೆ," ಎಂದರು ಆಂಟಿ. "ಅವತ್ತು ನಾನು ಅಷ್ಟು ಕೇಳಿದೆ. ನಿನ್ನ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ತೆರೀಲಿಲ್ಲ. ಸಿಟ್ಟು ಈಗಲೂ ಉಂಟು, ಇಲ್ಲ ಅಂತ ಸುಳ್ಳು ಹೇಳೂದಿಲ್ಲ."

ಬಟ್ಟೆಯ ರಾಶಿ ಕೆಳಗಿಟ್ಟು ಅವರು ಕುರ್ಚಿಯಲ್ಲಿ ಕೂತರು. "ಈ ಊರಲ್ಲಿ ನಮ್ಮವರು ಎಲ್ಲ ಒಬ್ಬರಿಗೊಬ್ಬರು ಗೊತ್ತು. ಒಬ್ಬರ ಹತ್ತಿರ ಬಾಯಿ ಬಿಟ್ರೆ ಮುಂದಿನ ಭಾನುವಾರ ಇಡೀ ಚರ್ಚಿಗೆ ಗೊತ್ತಿರ್ತದೆ. ಊರಲ್ಲಿ ಅಕ್ಕತಂಗಿಯರಿಗೂ ಹೇಳ್ಲಿಕ್ಕೆ ಆಗೂದಿಲ್ಲ. ನನ್ನ ಹೊಟ್ಟೆಯಲ್ಲಿ ಒಂದು ಮಾತು ಎಷ್ಟೋ ವರ್ಷದಿಂದ ಕೂತಿದೆ." ಪಕ್ಕದ ಮೊಗ್ಗುಬಿಟ್ಟ ಗಿಡವನ್ನು ಸರಿಸಿ ನನಗೆ ಕೂರಲು ಜಾಗ ಮಾಡಿದರು. "ಬಾ, ಇಲ್ಲಿ ಕೂತ್ಕೊ. ನಿನಗೆ ಹೇಳ್ತೇನೆ."

ಹೇಳಿದರು. ನಡುವೆ ಅತ್ತರು, ಒಮ್ಮೆ ನಕ್ಕರೂ ನಕ್ಕರು. ನಾನು ಏನೂ ಸಲಹೆ ಕೊಡಲಿಲ್ಲ, ಅವರ ಕೈ ಹಿಡಿದುಕೊಂಡು ಕೂತಿದ್ದೆ ಅಷ್ಟೆ. ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು, ಚಹಾ ಮಾಡ್ತೇನೆ ಎಂದರು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ನನಗೆ ಯಾರೂ ಕೊಟ್ಟಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ಈ ಪ್ರವಾಸವನ್ನು ಬರೆಯಲೇ ಎಂದು ಆಂಟಿಗೂ ಅಂಕಲ್‌ಗೂ ಫೋನ್ ಮಾಡಿ ಕೇಳಿದೆ. ಅಂಕಲ್‌ಗೆ ಆಗಿನ್ನೂ ಬೇರೆ ಕೆಲಸ ಸಿಕ್ಕಿರಲಿಲ್ಲ. ಆದರೂ ಬರಿ, ನನ್ನ ಬೆನ್ನುನೋವನ್ನೂ ಹಾಕು ಎಂದು ತಮಾಷೆ ಮಾಡಿದರು. ಆಂಟಿ ಫೋನ್ ಕಸಿದುಕೊಂಡು, "ನನ್ನ ಸಿಟ್ಟೂ ಬರಿ, ಎಲ್ಲ ಬರಿ," ಎಂದರು. ಸ್ವಲ್ಪ ತಡೆದು, "ಅದೊಂದು ಬಿಟ್ಟು," ಎಂದರು.

ಎಲ್ಲ ಬರೆದಿದ್ದೇನೆ, ಆಂಟಿ. ಅದೊಂದನ್ನು ಬಿಟ್ಟು.